ಸದಾಶಿವ ಪೇಠೆಯಲ್ಲಿ ಸಾಹೇಬರ ಹುಲ್ಲು

ಹುಲ್ಲು ಕಂಡಲ್ಲಿ ಬಗ್ಗುವುದು ನನ್ನ ಚಟ. ದನದ ಹಾಗೆ ಅಂತ ನೀವು ನಗಬಹುದು. ನನ್ನ ಸೊಸೆ ನಗುವುದನ್ನು ಬಿಟ್ಟು ಈಗ ನಾಚಿಕೊಳ್ಳುವ ಹಂತಕ್ಕೆ ಬಂದಿದ್ದಾಳೆ. ಮೊನ್ನೆ ಒಂದು ಮದುವೆಗೆ ಹೋಗಿದ್ದೆವು. ಮಂಗಲ ಕಾರ್ಯಾಲಯದ ಮುಂದೆ ಒಳ್ಳೆ ಹಸಿರು ಹಾಸು. ಮಂದಿಯೆಲ್ಲ ಅತ್ತರು ಹಚ್ಚಿಸಿಕೊಂಡು, ಗುಲಾಬಿ ಇಸಿದುಕೊಂಡು ಒಳಗೆ ಹೋಗುತ್ತಿದ್ದರೆ ನಾನು ರೇಶ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು, ಕುಕ್ಕರುಗಾಲಲ್ಲಿ ಕೂತು, ಒಂದು ಎಸಳು ಕಿತ್ತು, ಅದರ ಬೆನ್ನನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ.

"ಅತ್ತಿ, ಏಳ್ರಿ. ಬೀಗರು ನೋಡ್ಲಿಕತ್ತಾರ," ಅಂದಳು ಸೊಸೆ.

"ಹೊಳೀವಲ್ದು ನೋಡು," ಅಂದೆ ನಾನು.

ಅವಳಿಗಾದರೂ ಏನು ತಿಳಿಯಬೇಕು! ಎಸಳಿನ ಬೆನ್ನು ಎಣ್ಣೆ ಸವರಿದ ಹಾಗೆ ಹೊಳೆದರೆ ಅದು ವಿಲಾಯತಿಯ ರೈ ಹುಲ್ಲು. ಬುಡದಲ್ಲಿ ಎಳೆಗೆಂಪು ಇದ್ದರೆ ಇನ್ನೂ ಖಾತ್ರಿ. ಕಾರ್ಯಾಲಯದ್ದು ಬರೀ ನಮ್ಮ ಕರಕಿ, ಹೊಳೆಯಲಿಲ್ಲ. ಹುಲ್ಲಿನ ಬಗ್ಗೆ ನನಗಿರುವ ವಿದ್ಯೆ ಇಷ್ಟೇ, ಅದು ಬಂದದ್ದು ಒಂದು ಬಿಸ್ಕೀಟಿನ ಡಬ್ಬಿಯಿಂದ.

ಆಗಿನ್ನೂ ಬ್ರಿಟಿಷರ ಕಾಲ. ಎರಡನೆಯ ಯುದ್ಧ ಶುರುವಾಗಿರಲಿಲ್ಲ. ನಾನು ಮದುವೆಯಾಗಿ ಬಾಗಲಕೋಟೆಯಿಂದ ಬಂದು ಪುಣೆಯ ಸದಾಶಿವ ಪೇಠೆಯ, ಹಲವು ಬಿಡಾರಗಳ ಒಂದು ವಾಡೆಯಲ್ಲಿ ಎರಡು ಕೋಣೆಯ ಸಂಸಾರ ಹೂಡಿದ್ದೆ. ನಮ್ಮವರು ಈಗ ಶಿವಾಜಿನಗರ ಅನ್ನುವ, ಆಗ ಭಾಂಬುರ್ಡೆ ಅನ್ನುತ್ತಿದ್ದ ಕಡೆ ಒಂದು ಸರ್ಕಾರಿ ಕಚೇರಿಯಲ್ಲಿ ಕಾರಕೂನರು. ಅಲ್ಲಿಯ ಸಾಹೇಬರು ಕೆಲಸ ಮುಗಿಸಿ ವಿಲಾಯತಿಗೆ ಹೊರಟಾಗ ಬಂಗಲೆಯ ಸಾಮಾನನ್ನು ಕಚೇರಿಯವರಿಗೆ ಹಂಚಿದರು. ಒಬ್ಬರಿಗೆ ಬೆತ್ತದ ಕುರ್ಚಿ ಬಂತು, ಇನ್ನೊಬ್ಬರಿಗೆ ಗೋಡೆ ಗಡಿಯಾರ. ನಮ್ಮವರು ಸೈಕಲ್ಲಿಗೆ ಒಂದು ದೊಡ್ಡ ಬಿಸ್ಕೀಟಿನ ಡಬ್ಬಿಯನ್ನೂ ಮೊಣಕೈ ಉದ್ದದ ಒಂದು ಕತ್ತರಿಯನ್ನೂ ಕಟ್ಟಿಕೊಂಡು, ಇಡೀ ಪುಣೆಯನ್ನೇ ಗೆದ್ದವರ ಹಾಗೆ ಬಂದರು. "ಜ್ವಾಕಿ ಇಡು" ಅಂತ ಡಬ್ಬಿ ಕೊಟ್ಟು ಕೈಕಾಲು ತೊಳೆಯಲು ಹೋದರು. ಒಳಗೇನಿದೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಸಣ್ಣಗೆ, ಉದ್ದುದ್ದ, ಹಗುರ ಕಾಳು. ವಿಲಾಯತಿ ಜೀರಿಗೆ ಅಂದುಕೊಂಡೆ. ಮೊರದಲ್ಲಿ ಹಾಕಿ ಕೇರಿ, ಹಸನು ಮಾಡಿ, ಅಂದಿನ ಸಾರಿಗೆ ಅದರದ್ದೇ ಒಗ್ಗರಣೆ ಕೊಟ್ಟೆ. ಬಣವೆಗೆ ಕಿಡಿ ಬಿದ್ದಂಥ ವಾಸನೆ ಎದ್ದಿತು. ವಿಲಾಯತಿಯ ಜೀರಿಗೆಯ ಪರಿಮಳವೇ ಹೀಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ನಮ್ಮವರು ಎಲೆಯ ಮುಂದೆ ಕೂತು, ಸಾರಿನಲ್ಲಿ ತೇಲುತ್ತಿದ್ದ ಒಂದು ಕಾಳನ್ನು ಬೆರಳತುದಿಗೆ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅಳುವ ದನಿಯಲ್ಲಿ, "ಇದು ಲಾನ್ ಅದ. ಸಾರಿನಾಗ ಲಾನ್ ಹಾಕಿಬಿಟ್ಟೀ!" ಅಂದರು.

ಲಾನ್ ಎಂಬ ಶಬ್ದ ನನ್ನ ಕಿವಿಗೆ ಬಿದ್ದದ್ದು ಹಾಗೆ, ಊಟದ ಎಲೆಯ ಮೇಲೆ. ಹುಲ್ಲನ್ನು ಬಿತ್ತುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಸಣ್ಣವಳಿದ್ದಾಗ ಸೋದರಮಾವನ ಹೊಲಕ್ಕೆ ಹೋದರೆ ನಮ್ಮ ಆಟವೇ ಕರಕಿ ಕೀಳುವುದು. ಅದರ ಬೇರು ಎಳೆದಷ್ಟೂ ಬರುತ್ತಿತ್ತು, ನೆಲದೊಳಗೆ ಯಾರೋ ಹಗ್ಗದ ಉಂಡೆ ಬಿಚ್ಚುತ್ತಿದ್ದ ಹಾಗೆ. ನಾವು ಹುಡುಗಿಯರು ಎರಡೂ ತುದಿ ಹಿಡಿದು ಜಗ್ಗುತ್ತಿದ್ದೆವು. ಹರಿದ ಕೂಡಲೇ ಎಲ್ಲರೂ ಹೆಂಟೆಗಳ ಮೇಲೆ ಅಂಗಾತ. ಗಣಪತಿಗೆ ಇಪ್ಪತ್ತೊಂದು ಎಸಳು ಬಿಟ್ಟರೆ ಹುಲ್ಲಿಗೆ ನಮ್ಮಲ್ಲಿ ಬೇರೆ ಮರ್ಯಾದೆ ಇರಲಿಲ್ಲ.

ವಾಡೆಯ ಮಾಲಕಿಣಿ ಗೋದಾಕಾಕು ಕೂಡ ನನ್ನ ಹಾಗೆಯೇ ಬೆಕ್ಕಸಬೆರಗಾದರು. ಹಿತ್ತಲಲ್ಲಿ ನೀರಿನ ಹೌದದ ಪಕ್ಕಕ್ಕೆ ಒಂದು ಗಾಡಿ ನಿಲ್ಲಿಸುವಷ್ಟು ಜಾಗ ಒಡಕು ಗಡಿಗೆಗಳಿಂದ ತುಂಬಿತ್ತು. ಅದನ್ನು ನಮ್ಮವರು ಕೇಳಿದಾಗ ಕಾಕು ನನ್ನ ಕಡೆ ತಿರುಗಿ, ಮೂಗಿನ ಮೇಲೆ ಬೆರಳಿಟ್ಟು, "ಅಗ, ಗವತ ಪೇರತಂ ಕಾ ಕುಣೀ?" ಅಂದರು. ಹುಲ್ಲು ಯಾರಾದರೂ ಬಿತ್ತುತ್ತಾರೇನೇ ಅಂತ. ಆದರೂ ಗಡಿಗೆಗಳು ಹೋಗುತ್ತವಲ್ಲ ಎಂಬ ಆಸೆಗೆ ಒಪ್ಪಿದರು. ಬೇಸಿಗೆಯಲ್ಲಿ ತಮ್ಮ ಹಪ್ಪಳ ಕುರಡಿ ಒಣಗಿಸಲು ಜಾಗ ಬಿಟ್ಟುಕೊಡಬೇಕು ಎಂಬ ಕರಾರು ಮಾತ್ರ ಹಾಕಿದರು.

ದಸರೆ ಮುಗಿದು ರಾತ್ರಿಗಳು ತಣ್ಣಗಾದ ಮೇಲೆ ಬಿತ್ತನೆ. ರೈ ಥಂಡಿಯ ಹುಲ್ಲು, ಬಿಸಿಲಿದ್ದಾಗ ಬಿತ್ತಿದರೆ ಮೊಳಕೆಯಲ್ಲೇ ಸಾಯುತ್ತದೆ. ಇದೆಲ್ಲ ನಮ್ಮವರಿಗೆ ಬಾಯಿಪಾಠ. ಸಾಹೇಬರು ಕಾಗದಗಳಿಗೆ ಸಹಿ ಹಾಕುತ್ತ ಹಾಕುತ್ತ ಹುಲ್ಲಿನ ಮಾತೇ ಆಡುತ್ತಿದ್ದರಂತೆ. ನಮ್ಮವರು ಕಚ್ಚೆ ಬಿಗಿದು ನೆಲ ಅಗೆದರು, ಹೆಂಟೆ ಒಡೆದರು, ಹಳೆಯ ಸೆಗಣಿ ಗೊಬ್ಬರವನ್ನು ಜರಡಿ ಹಿಡಿದು ಬೆರೆಸಿದರು. ಅದು ನನ್ನ ಹಿಟ್ಟಿನ ಜರಡಿ ಎಂಬುದು ನನಗೆ ತಡವಾಗಿ ತಿಳಿಯಿತು. ಬೀಜವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ, ಹಲಗೆಯಿಂದ ತಟ್ಟಿದರು. ಗುಬ್ಬಿ ಕಾಯುವುದು, ಝಾರಿಯಿಂದ ಮಳೆಯ ಹಾಗೆ ನೀರು ಹಾಕುವುದು ನನ್ನ ಪಾಲಿಗೆ ಬಂತು.

ವಾರ ತುಂಬುವುದರೊಳಗೆ ನೆಲದ ಮೇಲೆ ಕೂಸಿನ ಜಾವಳದ ಕೂದಲಿನಂಥ ಹಸಿರು ಕಂಡಿತು. ನಾವು ಚಳಿಗೆ ಮುದುಡಿದಷ್ಟೂ ಅದು ಹುರುಪಿನಿಂದ ಏಳುತ್ತಿತ್ತು. ನಮ್ಮವರು ಕಚೇರಿಯಿಂದ ಬಂದವರೇ ಕೋಟು ಕಳಚುವ ಮೊದಲು ಹಿತ್ತಲಿಗೆ ಓಡುತ್ತಿದ್ದರು. ಕತ್ತರಿ ಹರಿತವಿರಬೇಕು, ಇಲ್ಲದಿದ್ದರೆ ತುದಿ ಹರಿದು ಬೆಳ್ಳಗಾಗುತ್ತದೆ. ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ನೀರು ಬೆಳಿಗ್ಗೆಯೇ ಹಾಕಬೇಕು. ಎಲ್ಲಕ್ಕಿಂತ ಮೇಲಿನ ಕಾನೂನು, ಯಾರೂ ಅದರ ಮೇಲೆ ಕಾಲಿಡಬಾರದು. ಸ್ವತಃ ತಾವೂ ಅಂಚಿನಲ್ಲಿ ಹಲಗೆ ಹಾಕಿಕೊಂಡು, ಅದರ ಮೇಲೆ ಬೋರಲು ಮಲಗಿ ಕತ್ತರಿಸುತ್ತಿದ್ದರು. ಕಾಕು ಅದನ್ನು ನೋಡಿ ನನ್ನ ಕಡೆ ಕನಿಕರದಿಂದ ತಲೆ ಅಲ್ಲಾಡಿಸುತ್ತಿದ್ದರು.

ಹುಲ್ಲು ಹೀಗೆ ಕಂಬಳಿಯಂತೆ ತುಂಬಿ ನಿಂತ ಹೊತ್ತಿಗೆ ನನ್ನ ಮಾವನವರು ಊರಿಂದ ಬಂದರು.

ಅವರದು ಬಿಜಾಪುರದ ಕಡೆ ಡೋಣಿ ಹೊಳೆ ಸಾಲಿನ ಕಪ್ಪು ನೆಲ, ಬಿಳಿ ಜೋಳದ ಹೊಲ. ಎತ್ತರದ ಆಳು, ತಲೆಗೆ ರುಮಾಲು, ಭಾರವಾದ ದನಿ. ಜೋಳ ಬಿತ್ತಿ ಮುಗಿಸಿ ಮಗನನ್ನು ನೋಡಲು ಬಂದಿದ್ದರು. ಕಾಲು ತೊಳೆಯಲೆಂದು ಹಿತ್ತಲಿಗೆ ಹೋದವರು ಚೆಂಬು ಕೈಯಲ್ಲಿ ಹಿಡಿದು ನಿಂತೇಬಿಟ್ಟರು.

"ವೆಂಕ್ಯಾ, ಇದೇನಿದು?"

"ಹುಲ್ಲು, ಅಪ್ಪಾ."

"ಹುಲ್ಲು ಅಂಬೂದು ಕಾಣ್ತದ. ಯಾಕ ಅದ?"

ನಮ್ಮವರು ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡುವವರು. ಅಪ್ಪನ ಮುಂದೆ ಅವರ ದನಿ ಗಂಟಲು ದಾಟುತ್ತಿರಲಿಲ್ಲ. "ಕಣ್ಣಿಗೆ ತಂಪಪ್ಪಾ," ಅಂದರು.

"ದನಾ ಎಲ್ಲವ?"

"ದನಾ ಇಲ್ಲ."

"ತೆನಿ ಯಾವಾಗ ಹಿಡೀತದ?"

"ತೆನಿ ಹಿಡಿಯೂದ್ರಾಗ ಕತ್ತರಸ್ತೀನಿ."

ಮಾವನವರು ನಿಧಾನವಾಗಿ ಲೆಕ್ಕ ಹಾಕಿದರು. "ಅಂದ್ರ, ನೀರು ಹಾಕಿ ಬೆಳಸೂದು. ಬೆಳೀತಂದ್ರ ಕತ್ತರಸೂದು. ಕತ್ತರಿಸಿದ್ದು ಯಾರೂ ತಿನ್ನೂದಿಲ್ಲ. ಮತ್ತ ನೀರು ಹಾಕೂದು. ಸರ್ಕಾರಿ ನೌಕರಿ ಅಂದ್ರ ಇದ ಏನಪಾ?"

ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಸೆರಗು ಬಾಯಿಗೆ ತುಂಬಿಕೊಂಡೆ.

ಊಟಕ್ಕೆ ಕೂತಾಗ ಅವರು ಬಂದ ಕೆಲಸ ಹೇಳಿದರು. ನಗು ಅಲ್ಲಿಗೆ ನಿಂತಿತು. "ನನಗ ವಯಸ್ಸಾತು. ಹೊಲಾ ನೋಡ್ಲಿಕ್ಕೆ ಮನ್ಯಾಗ ಒಬ್ರು ಬೇಕು. ನೌಕರಿ ಮಾಡಿದ್ದು ಸಾಕು. ಎಳ್ಳ ಅಮಾಸಿ ಒಳಗ ಇಬ್ರೂ ನನ್ನ ಕೂಡ ಊರಿಗೆ ನಡೀರಿ."

ನಮ್ಮವರು "ಹೂಂ, ನೋಡೂಣಪ್ಪಾ" ಅಂದು ಕೈತೊಳೆದು, ಕತ್ತರಿ ಎತ್ತಿಕೊಂಡು ಹಿತ್ತಲಿಗೆ ಹೋದರು.

ಊರಿಗೆ ಹೋಗುವುದೆಂದರೆ ನನಗೆ ಆಗುವ ಮಾತಲ್ಲ. ಯಾಕೆಂದರೆ ನಾನು ಸಾಲೆಗೆ ಹೋಗುತ್ತಿದ್ದೆ. ಮದುವೆಯಾದ ಹೆಂಗಸರಿಗಾಗಿಯೇ ಮಧ್ಯಾಹ್ನ ನಡೆಯುವ ಒಂದು ಮರಾಠಿ ಸಾಲೆ ಹತ್ತಿರದಲ್ಲಿತ್ತು. ನಮ್ಮ ಕಡೆ ಮುಲ್ಕಿ ಅನ್ನುವ ಪರೀಕ್ಷೆಗೆ ಕೂರಬೇಕು, ಪಾಸಾದರೆ ಹುಡುಗಿಯರ ಸಾಲೆಯಲ್ಲಿ ಮಾಸ್ತರಿಣಿ ಆಗಬಹುದು. ಊಟ ಮುಗಿಸಿ, ಪಾಟಿ ಪುಸ್ತಕ ಎದೆಗೊತ್ತಿಕೊಂಡು, ಒಬ್ಬಳೇ ಆ ಬೀದಿಯಲ್ಲಿ ನಡೆಯುವಾಗ ಆಗುತ್ತಿದ್ದ ಖುಷಿಯನ್ನು ಈಗಿನ ಹುಡುಗಿಯರಿಗೆ ಹೇಳಿದರೆ ತಿಳಿಯುವುದಿಲ್ಲ. ಬೀದಿಯಲ್ಲಿ ಹೆಂಗಸೊಬ್ಬಳು ನಡೆಯುತ್ತಿದ್ದಾಳೆ ಅಷ್ಟೇ ತಾನೆ, ಅನ್ನುತ್ತಾರೆ. ಅಷ್ಟೇ. ಆದರೆ ಆ ಹೆಂಗಸು ನಾನಾಗಿದ್ದೆ.

ಸಾಲೆಯ ಮಾತನ್ನು ಮಾವನವರಿಗೆ ತಾವೇ ಹೇಳುವುದಾಗಿ ನಮ್ಮವರು ಮಾತು ಕೊಟ್ಟಿದ್ದರು. ಹೇಳುವವರೆಗೆ ಹೋಗಬೇಡ ಅಂದರು. ಇವತ್ತು ಅಪ್ಪ ದಣಿದಿದ್ದಾರೆ, ಇವತ್ತು ಏಕಾದಶಿ, ಇವತ್ತು ಹುಲ್ಲು ಕತ್ತರಿಸುವ ದಿನ. ಹೀಗೆ ಒಂದೊಂದು ನೆಪ. ಎಳ್ಳಮಾವಾಸ್ಯೆ ಹತ್ತಿರ ಬರುತ್ತಿತ್ತು. ನಾನು ಮಧ್ಯಾಹ್ನವೆಲ್ಲ ಅಡುಗೆಮನೆಯಲ್ಲಿ ಕೂತು ಮರಾಠಿ ವ್ಯಾಕರಣವನ್ನು ಉದ್ದಿನ ಬೇಳೆಗೆ ಒಪ್ಪಿಸುತ್ತಿದ್ದೆ.

ಮಗ ಕಚೇರಿಗೆ ಹೋದ ಮೇಲೆ ಮಾವನವರಿಗೆ ಹೊತ್ತು ಹೋಗುತ್ತಿರಲಿಲ್ಲ. ಹೌದದ ಕಟ್ಟೆಯ ಮೇಲೆ ಕೂತು ಹುಲ್ಲನ್ನೇ ನೋಡುತ್ತಿದ್ದರು. ನಾನು ಸೆರಗು ಹಣೆಯವರೆಗೆ ಎಳೆದುಕೊಂಡು ಝಾರಿ ಹಿಡಿದು ಬರುತ್ತಿದ್ದೆ. ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವ ಕಾಲ ಅದಲ್ಲ. ಅವರು ಪ್ರಶ್ನೆಗಳನ್ನು ಹುಲ್ಲಿಗೆ ಕೇಳುತ್ತಿದ್ದರು. ನಾನು ಉತ್ತರಗಳನ್ನು ಝಾರಿಗೆ ಕೊಡುತ್ತಿದ್ದೆ.

"ಸಂಜೀಮುಂದ ನೀರು ಹಾಕಿದ್ರ ಏನಾಗ್ತದೋ ಏನೋ," ಅನ್ನುತ್ತಿದ್ದರು ಹುಲ್ಲಿಗೆ.

"ರಾತ್ರಿಯೆಲ್ಲಾ ಹಸೀ ಉಳದು ಬೂಷ್ಟು ಹಿಡೀತದಂತ," ಅನ್ನುತ್ತಿದ್ದೆ ಝಾರಿಗೆ.

"ಹೌದಾ? ಇದ್ದೀತು."

ಹೀಗೆ ನಾಲ್ಕು ದಿನ ಹೋಗುವುದರಲ್ಲಿ ಅವರು ಹುಲ್ಲಿನ ಬೆನ್ನು ತಿರುಗಿಸಿ ಹೊಳಪು ನೋಡುವುದನ್ನೂ ಕಲಿತರು. ಬಾಯಲ್ಲಿ ಮಾತ್ರ, "ಉಪಯೋಗಿಲ್ಲದ್ದು, ಉಪಯೋಗಿಲ್ಲದ್ದು" ಎಂಬ ಜಪ ನಿಂತಿರಲಿಲ್ಲ.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಅಗುಳಿ ಹಾಕುವುದನ್ನು ಯಾರೋ ಮರೆತಿದ್ದರು. ಪಕ್ಕದ ಗಲ್ಲಿಯ ಗೌಳಿ ಹೆಂಗಸು ಠಕೂಬಾಯಿಯ ಎಮ್ಮೆ ಒಳಗೆ ಬಂತು. ಮಾವನವರು ಕಟ್ಟೆಯ ಮೇಲೆ ತೂಕಡಿಸುತ್ತಿದ್ದರು. ನಾನು ಬಂದು ನೋಡುವಾಗ ಎಮ್ಮೆ ನಡುಮಧ್ಯೆ ನಿಂತು ಕಣ್ಣುಮುಚ್ಚಿಕೊಂಡು ಮೇಯುತ್ತಿದೆ. ಸಾಹೇಬರ ಮನೆಯ ಊಟ ಅದಕ್ಕೆ ಬಹಳ ರುಚಿಸಿತ್ತು.

"ಮಾವನವರ, ಎಮ್ಮೀ!" ಎಂದು ಕಿರುಚಿದೆ. ಅದೇ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು.

ಅವರು ರುಮಾಲು ಬಿಚ್ಚಿ ಬೀಸುತ್ತ ಎದುರಿನಿಂದ ಬಂದರು, ನಾನು ಝಾರಿ ಹಿಡಿದು ಹಿಂದಿನಿಂದ. ಎಮ್ಮೆ ಗಾಬರಿಯಾಗಿ ಹುಲ್ಲಿನ ಮೇಲೆಯೇ ಎರಡು ಸುತ್ತು ಹಾಕಿತು. ನನ್ನ ಸೆರಗು ಎಲ್ಲೋ ಹೋಯಿತು. ಅಷ್ಟರಲ್ಲಿ ಠಕೂಬಾಯಿ ಬಂದು, ಎಮ್ಮೆಯನ್ನು ಹಿಡಿಯುವುದು ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ಮಾವನವರ ಮೇಲೆ ಹರಿಹಾಯ್ದಳು. ಏನೋ ಪರದೇಶಿ ವಿಷದ ಹುಲ್ಲು ತಿನ್ನಿಸಿದಿರಿ, ನಾಳೆ ಎಮ್ಮೆ ಹಾಲು ಕೊಡದಿದ್ದರೆ ಯಾರು ಜವಾಬುದಾರರು ಅಂತ ಮರಾಠಿಯಲ್ಲಿ ಒಂದೇ ಉಸಿರಿಗೆ. ಮಾವನವರಿಗೆ ಸಂತೆಯ ಮರಾಠಿ ನಾಲ್ಕು ಮಾತು ಬರುತ್ತಿತ್ತು. ಆ ನಾಲ್ಕೂ ಅಂದು ಬಾಯಿಗೆ ಬರಲಿಲ್ಲ. ರುಮಾಲಿಲ್ಲದ ತಲೆಯಲ್ಲಿ, ಬೆವರುತ್ತ, ಸಾಲೆಯ ಹುಡುಗನ ಹಾಗೆ ನಿಂತಿದ್ದರು.

ನನಗೆ ಎಲ್ಲಿಂದ ಬಂತೋ ಸಿಟ್ಟು! "ಮ್ಹೈಸ ಬಾಂಧೂನ ಠೇವಾಯಲಾ ಕಾಯ ಝಾಲಂ?" ಎಂದು ಶುರುಮಾಡಿದೆ. ಎಮ್ಮೆ ಕಟ್ಟಿಹಾಕಲು ನಿನಗೇನಾಗಿತ್ತು, ಹಿರಿಯರ ಮುಂದೆ ಹೀಗೆ ಮಾತಾಡುತ್ತಾರೇನು, ಹಾಲು ಕಡಿಮೆಯಾಗುವುದಿರಲಿ ಹೆಚ್ಚಾದರೆ ಆ ಹೆಚ್ಚಿನ ಹಾಲು ನಮ್ಮ ಮನೆಗೆ ತಂದುಕೊಡುತ್ತೀಯೇನು? ಸಾಲೆಯಲ್ಲಿ ಬಾಯಿಪಾಠ ಮಾಡಿದ ವ್ಯಾಕರಣವೆಲ್ಲ ಮೆರವಣಿಗೆ ಹೊರಟಂತೆ ಬಂತು. ಒಂದು ಪ್ರತ್ಯಯ ತಪ್ಪಲಿಲ್ಲ. ಗೋದಾಕಾಕು ಮಾಳಿಗೆಯಿಂದ ಬಗ್ಗಿ "ಶಾಬ್ಬಾಸ!" ಅಂದರು. ಠಕೂಬಾಯಿಯ ಸಿಟ್ಟು ಇಳಿದು ನಗು ಬಂತು. "ಪಂತೀಣಬಾಯಿ, ಪುರೇ!" ಅಂದಳು. ಮಾಸ್ತರಿಣಿಯವರೇ, ಸಾಕು ಮಾಡಿ ಅಂತ. ಎಮ್ಮೆಯನ್ನು ಎಳೆದುಕೊಂಡು ಹೋದಳು.

ಮಾವನವರು ಏದುತ್ತ ಹುಲ್ಲಿನ ಮೇಲೆಯೇ ಕೂತುಬಿಟ್ಟರು. ತುಸು ದೂರದಲ್ಲಿ ನಾನೂ ಕೂತೆ. ಮೊದಲು ಅವರ ಹೊಟ್ಟೆ ಕುಲುಕಿತು. ಆಮೇಲೆ ದೊಡ್ಡ ದನಿಯಲ್ಲಿ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ಇಬ್ಬರೂ ನಕ್ಕೆವು. ಹುಲ್ಲು ಮೆತ್ತಗೆ, ತಣ್ಣಗೆ ಇತ್ತು. ಅಷ್ಟು ದಿನ ನೀರು ಹಾಕಿದ್ದರೂ ಅದರ ಮೇಲೆ ಕೂರುವ ಸುಖ ನನಗೆ ಅಂದೇ ಗೊತ್ತಾದದ್ದು.

"ಅಂಬವ್ವಾ, ಈ ಮರಾಠಿ ಎಲ್ಲಿ ಕಲತಿ?" ಎಂದು ಕೇಳಿದರು.

ಈ ಸಲ ಉತ್ತರ ಕೊಡಲು ಝಾರಿ ಹತ್ತಿರದಲ್ಲಿ ಇರಲಿಲ್ಲ. "ಸಾಲ್ಯಾಗ್ರಿ," ಅಂದೆ. "ದಿನಾ ಮಧ್ಯಾಹ್ನ ಹೋಗ್ತಿದ್ದೆ. ನೀವು ಬಂದಾಗಿಂದ ಬಿಟ್ಟೀನಿ. ಚೈತ್ರದಾಗ ಪರೀಕ್ಷಾ ಅದ."

"ಪರೀಕ್ಷಾ ಕೊಟ್ಟು?"

"ಹುಡುಗ್ಯಾರಿಗೆ ಕಲಸ್ತೀನ್ರಿ."

ಅವರು ಎಮ್ಮೆಯ ಗೊರಸು ಮೂಡಿದ ಒಂದು ಕುಳಿಯನ್ನು ಬೆರಳಿಂದ ಸವರುತ್ತ ಕೂತರು. ಆಮೇಲೆ ಎದ್ದು ರುಮಾಲು ಸುತ್ತಿಕೊಂಡು ಹೊರಗೆ ಹೋದರು. ಆ ಸಂಜೆ ನಾನು ಅಕ್ಕಿಯನ್ನು ಎರಡು ಸಲ ತೊಳೆದೆ, ಒಲೆ ಹಚ್ಚುವುದನ್ನು ಮರೆತೆ.

ನಮ್ಮವರು ಬಂದವರೇ ಹಿತ್ತಲಿಗೆ ಓಡಿದರು. ಗೊರಸಿನ ಕುಳಿಗಳು, ಬುಡ ಸಮೇತ ಕಿತ್ತ ಹೆಂಟೆಗಳು. ಮನೆಯಲ್ಲಿ ಯಾ‌ರೋ ತೀರಿಹೋದಂಥ ಮುಖ. ಮಾವನವರು ಅವರ ಹೆಗಲ ಮೇಲೆ ಕೈಯಿಟ್ಟರು.

"ಅಳಬ್ಯಾಡ. ಡಬ್ಬ್ಯಾಗ ಬೀಜ ಇನ್ನೂ ಅದನೋ ಇಲ್ಲೋ?"

"ಅದ ಅಪ್ಪಾ."

"ಮತ್ತ ಬಿತ್ತೂಣು. ನಮ್ಮ ಕರಕಿ ಆಗಿದ್ರ ತಾನ ಹಬ್ಬಿ ಮುಚ್ಚತಿತ್ತು. ಇದು ಗುಂಪು ಗುಂಪು ನಿಲ್ಲೂ ಜಾತಿ, ಹಬ್ಬಂಗಿಲ್ಲ. ಬಿತ್ತಬೇಕು." ಆಮೇಲೆ ದನಿ ಸ್ವಲ್ಪವೂ ಬದಲಿಸದೆ ಹೇಳಿದರು. "ನಾಳಿಂದ ಆಕಿ ಸಾಲಿಗೆ ಹೋಗ್ಲಿ. ಹುಲ್ಲು ನಾ ಕಾಯ್ತೀನಿ."

ನಮ್ಮವರು ಅಪ್ಪನ ಮುಖ ನೋಡಿದರು. ಅವರಿಂದ ಬಂದದ್ದು ಮತ್ತೆ "ಹೂಂ, ಅಪ್ಪಾ" ಅಷ್ಟೇ. ಅಂದು ರಾತ್ರಿ ಊಟಕ್ಕೆ ಅನ್ನ ಒಂದಿಷ್ಟು ಹಸಿಯಾಗಿತ್ತು. ಯಾರೂ ಅದರ ಮಾತೆತ್ತಲಿಲ್ಲ.

ಮರುದಿನದಿಂದ ನಾನು ಪುಸ್ತಕ ಎದೆಗೊತ್ತಿಕೊಂಡು ಹೊರಟರೆ ಮಾವನವರು ಕೋಲು ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದರು. ಕುಳಿಗಳಿಗೆ ಸಣ್ಣ ಮಣ್ಣು ತುಂಬಿ ತಮ್ಮ ಕೈಯಿಂದಲೇ ಬೀಜ ಉದುರಿಸಿದರು. ಗುಬ್ಬಿಗಳನ್ನು ಬೈಯಲಿಕ್ಕೆಂದೇ ಕಾಕುವಿನಿಂದ ಮರಾಠಿ ಬೈಗುಳ ಕಲಿತರು. ನಾನು ತಿರುಗಿ ಬಂದ ಕೂಡಲೇ, "ಏನು ಕಲಿಸಿದ್ರು ಇವತ್ತ?" ಎಂದು ಕೇಳುವರು. ನಾನು ಭೂಗೋಳ ಹೇಳುತ್ತಿದ್ದೆ. ವಿಲಾಯತಿಯಲ್ಲಿ ವರ್ಷವೆಲ್ಲ ಥಂಡಿ, ಮಳೆ ಅಂದಾಗ, "ಅದಕ್ಕ ಇದು ಹಿಂಗದ. ಪಾಪ, ಇಲ್ಲಿ ಬಂದು ಸಿಕ್ಕೊಂಡದ," ಎಂದು ಹುಲ್ಲಿನ ತಲೆ ಸವರಿದರು.

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಉಣಬಡಿಸುವುದಕ್ಕೆ ಮಾಡಿದ ಅಡುಗೆಯನ್ನು ಹೊಲದ ತುಂಬ ಚೆಲ್ಲುತ್ತಾರೆ, ಚರಗ ಚೆಲ್ಲುವುದು ಅನ್ನುತ್ತಾರೆ. ಮಾವನವರು ಹುಟ್ಟಿದಾಗಿನಿಂದ ಅಂದು ತಮ್ಮ ಹೊಲ ಬಿಟ್ಟು ಬೇರೆಲ್ಲೂ ಇದ್ದವರಲ್ಲ. ಬೆಳಿಗ್ಗೆ ಎದ್ದವರೇ ಹೊಲಕ್ಕೆ ಹೊರಡುವವರ ಹಾಗೆ ರುಮಾಲು ಸುತ್ತಿಕೊಂಡು ಕೂತಿದ್ದರು. ನಾನು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹೋಳಿಗೆ, ಕಡುಬು ಮಾಡಿದೆ. ಎಲ್ಲವನ್ನೂ ಬುಟ್ಟಿಗೆ ತುಂಬಿ, ಬಿಳಿ ಅರಿವೆ ಮುಚ್ಚಿ, ಅವರ ಮುಂದೆ ತಂದಿಟ್ಟೆ. ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ನೇರ ಹಿತ್ತಲಿಗೆ ನಡೆದರು.

ಹುಲ್ಲಿನ ನಾಲ್ಕೂ ಮೂಲೆಗೆ ಕಡುಬು ಮುರಿದು ಚೆಲ್ಲುತ್ತ ಅವರು ಚರಗದ ಹೊತ್ತಿಗೆ ಹೊಲದಲ್ಲಿ ಕೂಗುವ ಕೂಗನ್ನು ಕೂಗಿದಾಗ ವಾಡೆಯ ಎಲ್ಲ ಕಿಟಕಿಗಳೂ ತೆರೆದವು.

"ಅಪ್ಪಾ, ಇರಿವಿ ಬರ್ತಾವ!" ಅಂದರು ನಮ್ಮವರು.

"ಬರ್ಲಿ. ಅವಕ್ಕೂ ಅಮಾಸಿ ಅದ," ಅಂದರು ಮಾವನವರು. "ಕೂಡು."

ನಮ್ಮವರು ಚಪ್ಪಲಿ ಬಿಟ್ಟು, ಬೆಂಕಿಯ ಮೇಲೆ ಕಾಲಿಡುವವರ ಹಾಗೆ ತಮ್ಮ ಹುಲ್ಲಿನ ಮೇಲೆ ಕಾಲಿಟ್ಟರು. ಕೂತರು. ಗೋದಾಕಾಕು ಇಳಿದು ಬಂದರು. ಬಾಗಿಲಲ್ಲಿ ಇಣುಕಿದ ಠಕೂಬಾಯಿಯನ್ನೂ ಮಾವನವರೇ ಕರೆದರು. ಅವಳು ತಂಬಿಗೆಯ ತುಂಬ ಗಟ್ಟಿ ಮೊಸರು ತಂದಳು. ಎಮ್ಮೆಯ ಹಾಲು ಕಡಿಮೆಯಾಗಿರಲಿಲ್ಲ. ಥಂಡಿಯ ಬಿಸಿಲಿನಲ್ಲಿ, ಹಸಿರಿನ ಮೇಲೆ, ಎಲ್ಲರೂ ಸುತ್ತ ಕೂತು ಸಜ್ಜಿ ರೊಟ್ಟಿ ಮುರಿದೆವು. ನನ್ನ ಎಣಗಾಯಿಯ ಖಾರಕ್ಕೆ ಕಾಕುವಿನ ಮೂಗು ಸೋರಿತು. ಆದರೂ ಎರಡನೇ ಸಲ ಹಾಕಿಸಿಕೊಂಡರು.

ಸಂಕ್ರಾಂತಿ ಮುಗಿಸಿ ಮಾವನವರು ಊರಿಗೆ ಹೊರಟರು, ಒಬ್ಬರೇ. ನಮ್ಮನ್ನು ಕರೆದೊಯ್ಯುವ ಮಾತು ಆಮೇಲೆ ಅವರ ಬಾಯಿಂದ ಬರಲೇ ಇಲ್ಲ. ಕೇಳಿದರೆ ನೆನಪಾದೀತು ಎಂದು ನಾವೂ ಕೇಳಲಿಲ್ಲ. ಫಾಲ್ಗುಣದ ಬಿಸಿಲು ಏರಿದಂತೆ ಹುಲ್ಲು ಹಳದಿಯಾಯಿತು, ಹುರಿ ಹುರಿಯಾಗಿ ಒಣಗಿತು. ನಮ್ಮವರು ನೆರಳು ಕಟ್ಟಿದರು, ಎರಡೆರಡು ಹೊತ್ತು ನೀರು ಹಾಕಿದರು. ಥಂಡಿಯ ಜೀವ, ನಿಲ್ಲಲಿಲ್ಲ. ಕಾಕು ಅಲ್ಲಿ ಚಾಪೆ ಹಾಸಿ ಕುರಡಿ ಒಣಗಿಸಿದರು. ಚೈತ್ರದಲ್ಲಿ ನಾನು ಪರೀಕ್ಷೆ ಬರೆದೆ, ಪಾಸಾದೆ. ಆಮೇಲೆ ಎಷ್ಟೋ ವರ್ಷ ಪುಣೆಯ ಹುಡುಗಿಯರಿಗೆ ಮರಾಠಿ ವ್ಯಾಕರಣವನ್ನೇ ಕಲಿಸಿದೆ, ಈ ಕನ್ನಡದ ನಾಲಿಗೆಯಿಂದ.

ಪರೀಕ್ಷೆ ಬರೆದ ಆ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಅತ್ತೆಯವರು ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಕೇಳಿದರು.

"ಅಲ್ಲವ್ವಾ, ನಿಮ್ಮನ್ನ ಕರಕೊಂಡು ಬರ್ತೀನಿ ಅಂತ ಹೋದವ್ರು ಒಬ್ರ ಹೊಳ್ಳಿ ಬಂದ್ರು. ಮಗಾ ಸೊಸಿ ಎಲ್ಲಿ ಅಂತ ಕೇಳಿದ್ರ, 'ಹೊಲಾ ನೋಡ್ಕೋಳಿಕ್ಕೆ ಬಿಟ್ಟು ಬಂದೀನಿ' ಅಂದ್ರು. ಪುಣೆದಾಗ ನಮ್ಮ ಹೊಲಾ ಎಲ್ಲದ?"